ಶಿಶುಪಾಲನೆ ಮತ್ತು ನಾಡಿನ ಆರ್ಥಿಕತೆ

ದುಡಿಯುವವರ ಎಳೆಯ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ವ್ಯವಸ್ಥೆಯೇ ಶಿಶುಪಾಲನೆ. ಬಜೆಟ್ಟಿನಲ್ಲಿ ಇದನ್ನು ಕಲ್ಯಾಣದ ಖರ್ಚೆಂದು ಬರೆಯುವುದು ರೂಢಿ. ಆದರೆ ಒಂದು ಪ್ರದೇಶದಲ್ಲಿ ಎಷ್ಟು ಜನ ಸಂಪಾದನೆಗೆ ಹೊರಡಬಲ್ಲರು ಎಂಬುದು ರಸ್ತೆ, ಬಸ್ಸು, ವಿದ್ಯುತ್ತಿನ ಹಾಗೆಯೇ ಇದನ್ನೂ ಅವಲಂಬಿಸಿದೆ. ಮನೆ, ಮಕ್ಕಳನ್ನು ನೋಡಿಕೊಳ್ಳುವ ಹೊರೆ ಯಾರ ಮೇಲಿದೆ ಎಂಬುದು ಎಲ್ಲರಿಗೂ ಗೊತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಮಕ್ಕಳ ಮತ್ತು ಹಿರಿಯರ ಆರೈಕೆಯ ಲೆಕ್ಕ ಇದರ ಹೊರಗಿನದು.

ಕ್ವಿಬೆಕ್ ಮಾಡಿದ್ದು

ಈ ವಿಷಯದಲ್ಲಿ ವಿದ್ವಾಂಸರು ಮತ್ತೆ ಮತ್ತೆ ನೋಡಿರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು. 1997ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಶಿಶುಪಾಲನೆಯ ಶುಲ್ಕವನ್ನು ದಿನಕ್ಕೆ 5 ಡಾಲರ್‌ಗೆ ನಿಗದಿ ಮಾಡಿತು. ಮೊದಲು ನಾಲ್ಕು ವರ್ಷದವರಿಗೆ, 2000ದ ಹೊತ್ತಿಗೆ ಅದಕ್ಕಿಂತ ಕಿರಿಯರಿಗೂ ಈ ದರ ಸಿಕ್ಕಿತು. ಬಡವರಿಗಷ್ಟೇ ಎಂಬ ಷರತ್ತು ಇರಲಿಲ್ಲ.

ಅರ್ಥಶಾಸ್ತ್ರಜ್ಞ ಪಿಯರ್ ಫೋರ್ಟಿನ್ ಮತ್ತು ಸಂಗಡಿಗರು 2008ರ ಸ್ಥಿತಿಯನ್ನು ಲೆಕ್ಕ ಹಾಕಿದರು. ಈ ಯೋಜನೆಯಿಂದ ಸುಮಾರು 70,000 ತಾಯಂದಿರು ಹೆಚ್ಚುವರಿಯಾಗಿ ಕೆಲಸದಲ್ಲಿದ್ದರು, ಪ್ರಾಂತ್ಯದ ಒಟ್ಟು ಉತ್ಪನ್ನ ಸುಮಾರು ಶೇ 1.7ರಷ್ಟು ಏರಿತ್ತು. ಕ್ವಿಬೆಕ್ ಕೊಟ್ಟ ಪ್ರತಿ 100 ಡಾಲರ್ ಸಹಾಯಧನಕ್ಕೆ 104 ಡಾಲರ್ ಅದರ ಖಜಾನೆಗೇ ವಾಪಸಾಯಿತು. ಒಂದು ಡಾಲರನ್ನೂ ಹಾಕದ ಒಕ್ಕೂಟ ಸರ್ಕಾರಕ್ಕೆ 43 ಡಾಲರ್ ದಕ್ಕಿತು. ದುಡಿಯುವ ತಾಯಿ ತೆರಿಗೆ ಕಟ್ಟುತ್ತಾಳೆ, ಪೇಟೆಯಲ್ಲಿ ಖರ್ಚು ಮಾಡುತ್ತಾಳೆ, ಸರ್ಕಾರದ ನೆರವನ್ನು ಕಡಿಮೆ ಕೇಳುತ್ತಾಳೆ. ಹಣ ಮರಳಿದ್ದು ಈ ದಾರಿಯಲ್ಲಿ.

ಎಲ್ಲರೂ ಇದನ್ನು ಹೊಗಳಲಿಲ್ಲ. ಬೇಕರ್, ಗ್ರೂಬರ್, ಮಿಲ್ಲಿಗನ್ ಎಂಬ ಸಂಶೋಧಕರಿಗೆ ಮಕ್ಕಳ ವರ್ತನೆಯಲ್ಲಿ ತೊಂದರೆಗಳು ಕಂಡವು. ಅವಸರದಲ್ಲಿ ಸೀಟು ಹೆಚ್ಚಿಸಿದರೆ ಗುಣಮಟ್ಟ ಕುಸಿಯುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸುವಂತಿಲ್ಲ. ಆದರೂ 2021ರಲ್ಲಿ ಕೆನಡಾ ಇಡೀ ದೇಶಕ್ಕೆ ದಿನಕ್ಕೆ 10 ಡಾಲರ್ ಶುಲ್ಕದ ಗುರಿ ಇಟ್ಟುಕೊಂಡು, ಐದು ವರ್ಷಕ್ಕೆ ಸುಮಾರು 3,000 ಕೋಟಿ ಡಾಲರ್ ತೆಗೆದಿರಿಸಿತು.

ನಮ್ಮಲ್ಲಿ

ಕರ್ನಾಟಕದ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾದವು. ಊಟ, ಚುಚ್ಚುಮದ್ದು, ಅಕ್ಷರಾಭ್ಯಾಸದಲ್ಲಿ ಅವುಗಳ ಸೇವೆ ದೊಡ್ಡದು. ಆದರೆ ಇಡೀ ದಿನ ಮಗುವನ್ನು ನೋಡಿಕೊಳ್ಳಲೆಂದು ಅವು ಹುಟ್ಟಿದವಲ್ಲ. ಮೂರು ವರ್ಷ ತುಂಬದ ಮಗುವಿಗೆ ಊಟದ ಬದಲು ಸಿಗುವುದು ಮನೆಗೆ ಒಯ್ಯುವ ಆಹಾರ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಹೆಣ್ಣುಮಗಳು ಸಂಜೆ ಶಿಫ್ಟ್ ಮುಗಿಸಿ ಹೊರಬರುವಾಗ ಅಂಗನವಾಡಿಗೆ ಬೀಗ ಬಿದ್ದಿರುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತವೆ. ಅಜ್ಜಿಯಿಲ್ಲದ ತಾಯಿ ಕೆಲಸ ಬಿಡುತ್ತಾಳೆ, ಕಾರ್ಖಾನೆ ಪಳಗಿದ ಕೈಯನ್ನು ಕಳೆದುಕೊಳ್ಳುತ್ತದೆ.

ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಬೇಕೆಂಬ ನಿಯಮ 1948ರಷ್ಟು ಹಳೆಯದು. ಚಿಕ್ಕ ಘಟಕಗಳು ಅದರ ವ್ಯಾಪ್ತಿಗೆ ಬರುವುದೇ ಇಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಹೇಳಿದ್ದು ಸರಿಯಾದ ಹೆಜ್ಜೆ. ಅಂಥ ಮನೆಗಳು ಕಾರ್ಖಾನೆಗಳಿರುವ ಬಡಾವಣೆಗಳಿಗೂ ಬರಬೇಕು. ಶಿಫ್ಟ್ ಮುಗಿಯುವವರೆಗೆ ಅವು ತೆರೆದಿರಬೇಕು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಗೌರವಧನದ ಬದಲು ಸಂಬಳವನ್ನೇ ಕೊಡಬೇಕು.