ಹೆಸರಿಲ್ಲದ ವಸ್ತಾದ

ಹಬ್ಬಕ್ಕೆ ಎಮ್ಮಿಗನೂರಿಗೆ ಹೋಗಿದ್ದಾಗ ಅಕ್ಕನ ಮಗನನ್ನು ಹಂಪಿಗೆ ಕರ್ಕೊಂಡು ಹೋಗಿದ್ದೆ. ಬೆಂಗಳೂರಲ್ಲಿ ಟೇಕ್ವಾಂಡೋ ಕಲೀತಿರೋ ಹುಡುಗ. ಆ ಹೆಸರನ್ನು 1955ರಲ್ಲಿ ಮುಂದಿಟ್ಟವರು ಕೊರಿಯಾದ ಜನರಲ್ ಚೋಯ್ ಹಾಂಗ್ ಹಿ ಅಂತ ಅವನಿಗೆ ಬಾಯಿಪಾಠ. "ಮಾಮ, ಇಲ್ಲಿ ಯಾರು ಕಲಿಸ್ತಿದ್ರು?" ಅಂದ. ಕೃಷ್ಣದೇವರಾಯ ಅಂದುಬಿಟ್ಟೆ. ತಪ್ಪು ಉತ್ತರ. ಅವನೂ ಕಲಿಯುವವನೇ.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯೋದು, ಮೈಗೂ ಅದನ್ನೇ ಹಚ್ಚಿಕೊಳ್ಳೋದು. ಸೊಂಟಕ್ಕೊಂದು ತುಂಡುಬಟ್ಟೆ. ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ. ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ. ಆಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ. (ಜಿಮ್‌ಗೆ ವರ್ಷದ ಫೀಸು ಕಟ್ಟಿ ಮೂರು ದಿನ ಹೋಗುವ ನಾವು ಇದನ್ನು ಓದಬಾರದು.)

ಜಟ್ಟಿಗಳಲ್ಲಿ ಒಬ್ಬ, ಅಷ್ಟೇ. ರಾಯನ ಮೈಮೇಲೆ ಕೈಹಾಕುವ ಸಲಿಗೆ ಇದ್ದವನಿಗೆ ಹೆಸರಿಲ್ಲ.

1530ರ ದಶಕದಲ್ಲಿ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್ ಇನ್ನಷ್ಟು ಹೇಳುತ್ತಾನೆ. ಅರಸನ ಹಬ್ಬಕ್ಕೆ ಸಾವಿರ ಜಟ್ಟಿಗಳು. ಕೈಯಲ್ಲಿ ಮೊನೆಗಳಿರುವ ಬಳೆ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು. ಅವರಿಗೆ ಬೇರೆ ಚಾಕರಿ ಇರಲಿಲ್ಲ. ಅವರ ಮೇಲೊಬ್ಬ ನಾಯಕ. ನಾವು ಹುಡುಕುತ್ತಿರುವ ವಸ್ತಾದ ಇವನೇ ಇರಬೇಕು. ಅವನಿಗೂ ಹೆಸರಿಲ್ಲ.

ಇನ್ನೊಂದು ತಕರಾರು ಇದೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆ ಬಟ್ಟೆಯ ಇನಾಮು ಅಂತಾನೆ ನ್ಯೂನಿಜ್. ಪಾಯೆಸ್ ಹಾಗೆ ಹೇಳೋದಿಲ್ಲ: ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು, ಆದರೆ ಸರಿಜೋಡಿ ಹೊಂದಿಸಲು, ಗೆದ್ದವನಿಗೆ ಮರ್ಯಾದೆ ಕೊಡಲು ತೀರ್ಪುಗಾರರಿದ್ದರು. ನನಗೆ ಪಾಯೆಸ್ ಮಾತೇ ಸರಿ ಅನ್ನಿಸುತ್ತೆ. ಸೋತು ರಕ್ತ ಸುರಿಸಿದವನಿಗೂ ಬಟ್ಟೆ ಕೊಟ್ಟಿದ್ದನ್ನು ನ್ಯೂನಿಜ್ ಇನಾಮು ಅಂದುಕೊಂಡಿರಬಹುದು.

ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜಟ್ಟಿಗಳು ತಲೆ ಬೋಳಿಸಿಕೊಂಡು ಆಡುವ ವಜ್ರಮುಷ್ಟಿ ಕಾಳಗ ನೋಡಿದರೆ ಹಂಪಿಯ ಆ ಬಳೆಗಳು ನೆನಪಾಗುತ್ತವೆ. ವ್ಯತ್ಯಾಸ ಇಷ್ಟೇ: ಇಲ್ಲಿ ಮೊದಲ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು.

ಮಹಾನವಮಿ ದಿಬ್ಬದ ಕಲ್ಲುಪಟ್ಟಿಯಲ್ಲಿ ಕುಸ್ತಿ ಹಿಡಿದವರನ್ನು ಹುಡುಗನೇ ಹುಡುಕಿ ತೋರಿಸಿದ. ಆಮೇಲೆ ಇಬ್ಬರ ಕಾಲಿನ ನಿಲುವು ನೋಡ್ತಾ ಅಲ್ಲೇ ಕೂತ. "ಮಾಮ, ಇವನ ಬ್ಯಾಲೆನ್ಸ್ ಸರಿಯಿಲ್ಲ, ಬೀಳ್ತಾನೆ."