ಕಣದ ಕಟ್ಟಳೆ ಮತ್ತು ಅಧರ್ಮದ ಪೆಟ್ಟು

ಬಲಪ್ರಧಾನವಾದ ಕ್ರೀಡೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನೂ ಬಿರುದುಗಳನ್ನೂ ಅರಸರಿತ್ತ ಉಡುಗೊರೆಗಳನ್ನೂ ಸಂಗ್ರಹಿಸಿ ತೃಪ್ತರಾಗುತ್ತಾರೆ. ಪೆಟ್ಟು ತಿಂದವನ ಮೈಗೆ ಏನಾಯಿತು, ಯಾವ ಪೆಟ್ಟನ್ನು ಸಭೆಯು ನ್ಯಾಯವೆಂದು ಒಪ್ಪಿತು, ಮೇರೆ ಮೀರಿದಾಗ ತಡೆಯುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟದಲ್ಲಿ ಇವೇ ಪ್ರಶ್ನೆಗಳು ಈಚೆಗೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿವೆ. ಹಾಸನ ಸೀಮೆಯ ಶಾಸನ ಶಿಲ್ಪಗಳಿಂದ ಮೊದಲುಗೊಂಡು ಮೈಸೂರರಮನೆಯ ವಜ್ರಮುಷ್ಟಿ ಕಾಳಗದವರೆಗೆ ನಮ್ಮಲ್ಲಿ ದೊರೆಯುವ ಆಧಾರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಆ ದೂರದ ಆಟದೊಡನೆ ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕ್ರಿ. ಶ. 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನನ್ನು ನಾವು ವೈರಾಗ್ಯದ ಪ್ರತಿಮೆಯೆಂದು ನೋಡುತ್ತೇವೆ, ಅದು ಸರಿಯೇ. ಆದರೆ ಆ ವೈರಾಗ್ಯಕ್ಕೆ ಕಾರಣವಾದ ಘಟನೆ ಒಂದು ಕುಸ್ತಿಯ ಕಣದಲ್ಲಿ ನಡೆಯಿತೆಂಬುದನ್ನು ಮರೆಯಲಾಗದು. ಜಿನಸೇನರ ಪೂರ್ವಪುರಾಣದಲ್ಲಿಯೂ ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಬರುವ ವೃತ್ತಾಂತ ಇದು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ ಉಭಯ ಪಕ್ಷದ ಮಂತ್ರಿಗಳೂ ಕೂಡಿ ಆಲೋಚಿಸುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೆ ಹಾನಿಯಿಲ್ಲ. ಸಾಯುವವರು ಸೈನಿಕರು ಮಾತ್ರ. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಧರ್ಮಯುದ್ಧಗಳನ್ನು ಗೊತ್ತುಮಾಡುತ್ತಾರೆ. ಮೂರರಲ್ಲಿಯೂ ಬಾಹುಬಲಿ ಗೆಲ್ಲುತ್ತಾನೆ. ಕೊನೆಯದರಲ್ಲಿ ಅಣ್ಣನನ್ನು ಎತ್ತಿಹಿಡಿದ ಮೇಲೆ ನೆಲಕ್ಕಪ್ಪಳಿಸುವ ಶಕ್ತಿಯಿದ್ದರೂ ಅಪ್ಪಳಿಸುವುದಿಲ್ಲ. ಅವಮಾನಿತನಾದ ಭರತನು ಒಪ್ಪಂದದಲ್ಲಿಲ್ಲದ ಆಯುಧವಾದ ಚಕ್ರವನ್ನು ತಮ್ಮನ ಮೇಲೆ ಬಿಡುತ್ತಾನೆ. ಚಕ್ರವು ಬಾಹುಬಲಿಯನ್ನು ಬಲವಂದು ನಿಲ್ಲುತ್ತದೆ. ಪಂದ್ಯ ಮುಗಿದ ಬಳಿಕ, ಕಟ್ಟಳೆಯ ಹೊರಗೆ ಬಿದ್ದ ಏಟು ಇದು. ಕವಿಯ ದೃಷ್ಟಿಯಲ್ಲಿ ಅದರಿಂದ ಗಾಯಗೊಂಡದ್ದು ಹೊಡೆದವನ ಕೀರ್ತಿ.

ಅದೇ ಊರಿನ ಚಂದ್ರಗಿರಿಯ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೆತ್ತಿದೆ; ಅದು ರನ್ನನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ಗದಾಯುದ್ಧದ ವಸ್ತುವೂ ಒಂದು ವಿವಾದಾಸ್ಪದವಾದ ಪೆಟ್ಟೇ. ಗದೆಯ ಕಾಳಗದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ಕಟ್ಟಳೆಯನ್ನು ಭೀಮನು ಮುರಿದನೆಂದು ಬಲರಾಮನು ನೇಗಿಲೆತ್ತಿ ಮೇಲೆದ್ದ ಸಂಗತಿ ಭಾರತದ ಶಲ್ಯಪರ್ವದಲ್ಲಿದೆ. ಕೃಷ್ಣನು ಭೀಮನ ಪ್ರತಿಜ್ಞೆಯನ್ನೂ ಮೈತ್ರೇಯನ ಶಾಪವನ್ನೂ ಮುಂದೊಡ್ಡಿ ಸಮಾಧಾನ ಹೇಳುತ್ತಾನೆ. ಗುರುವಿಗೆ ಆ ಸಮಾಧಾನ ಒಪ್ಪಿಗೆಯಾಗುವುದಿಲ್ಲ, ಅವನು ಹೊರಟುಹೋಗುತ್ತಾನೆ. ಹೊಡೆದವನ ಉದ್ದೇಶವನ್ನು ನೋಡಬೇಕೋ, ಪೆಟ್ಟು ಬಿದ್ದ ಜಾಗವನ್ನು ನೋಡಬೇಕೋ ಎಂಬ ಈ ವಾದ ಇಂದಿನ ತೀರ್ಪುಗಾರರ ನಡುವೆಯೂ ನಡೆದೇ ಇದೆ.

ಕಾವ್ಯಗಳನ್ನು ಬಿಟ್ಟು ಇತರ ಆಧಾರಗಳಿಗೆ ಬಂದರೆ ನಿರಾಶೆಯೇ ಹೆಚ್ಚು. 982ರಲ್ಲಿ ಶ್ರವಣಬೆಳಗೊಳದಲ್ಲಿ ದೇಹತ್ಯಾಗ ಮಾಡಿದ ರಾಷ್ಟ್ರಕೂಟ ಇಂದ್ರರಾಜನ ಶಾಸನವು ಕುದುರೆಯ ಮೇಲಿನ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತಾರವಾಗಿ ಹೊಗಳುತ್ತದೆ. ಆಟದಲ್ಲಿ ಬಿದ್ದವರ ಸುದ್ದಿ ಅದರಲ್ಲಿಲ್ಲ. ಹೊಯ್ಸಳ ದೇಗುಲಗಳ ಭಿತ್ತಿಗಳಲ್ಲಿ ಮಲ್ಲರ ಜೋಡಿಗಳು ಕಾಣಸಿಗುತ್ತವೆ. ಶಿಲ್ಪಿ ಹಿಡಿತವನ್ನು ತೋರಿಸಬಲ್ಲ. ಕಟ್ಟಳೆಯನ್ನು ಕಲ್ಲಿನಲ್ಲಿ ತೋರಿಸುವುದು ಅವನಿಂದಲೂ ಆಗದು.

ಕಟ್ಟಳೆಯ ಮಾತು ದೊರೆಯುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ. ಹನ್ನೆರಡನೆಯ ಶತಮಾನದ ಈ ಗ್ರಂಥದಲ್ಲಿ ಅಂಕವಿನೋದ, ಮಲ್ಲವಿನೋದ ಎಂದು ಎರಡು ಬೇರೆ ಪ್ರಕರಣಗಳಿವೆ. ಅಂಕವೆಂದರೆ ಆಯುಧ ಹಿಡಿದು ನಡೆಸುವ ದ್ವಂದ್ವ, ಪ್ರಾಣದ ಆಸೆ ಬಿಟ್ಟವರ ಕೆಲಸ. ಮಲ್ಲವಿನೋದವು ಅದರಿಂದ ಪ್ರತ್ಯೇಕ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ, ವಿದ್ಯೆ ಇವುಗಳಿಗನುಸಾರವಾಗಿ ಜ್ಯೇಷ್ಠಿಕ ಮುಂತಾದ ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ ಮತ್ತು ವ್ಯಾಯಾಮಗಳನ್ನು ಅಲ್ಲಿ ವಿವರಿಸಿದೆ. ಜೆಟ್ಟಿ ಎಂಬ ಕನ್ನಡ ಮಾತನ್ನು ಈ ಜ್ಯೇಷ್ಠ ಶಬ್ದಕ್ಕೇ ಒಯ್ದು ಮುಟ್ಟಿಸುವುದುಂಟು. ಎಳೆಯನನ್ನು ಬಲಿತವನೆದುರು ನಿಲ್ಲಿಸದಿರುವುದು ರಕ್ಷಣೆಯ ಮೊದಲ ಮೆಟ್ಟಿಲೆಂಬುದನ್ನು ಈ ವಿಂಗಡಣೆ ಬಲ್ಲದು.

ವಿಜಯನಗರದ ಮಹಾನವಮಿಯ ಕಾಳಗಗಳನ್ನು ಕುರಿತು ಇಬ್ಬರು ಪೋರ್ಚುಗೀಸರ ಬರಹಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಡೊಮಿಂಗೊ ಪಾಯಸ್ ಹೇಳುವಂತೆ, ಹಲ್ಲು ಮುರಿದು, ಕಣ್ಣು ಹೋಗಿ, ಮುಖ ವಿಕಾರವಾಗುವಂಥ ಹೊಡೆತಗಳು ಬೀಳುತ್ತಿದ್ದವು. ಮಾತು ನಿಂತವರನ್ನು ಸ್ನೇಹಿತರು ಹೊತ್ತೊಯ್ಯುತ್ತಿದ್ದರು. ಆದರೆ ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸುವ, ಗೆದ್ದವನಿಗೆ ಮರ್ಯಾದೆ ಸಲ್ಲಿಸುವ ನಾಯಕರೂ ತೀರ್ಪುಗಾರರೂ ಕಣದಲ್ಲಿದ್ದರೆಂದು ಅವನೇ ಸೇರಿಸುತ್ತಾನೆ. ಸ್ವಲ್ಪ ಈಚಿನವನಾದ ನೂನಿಜ್, ರಾಯನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಅವರು ಮೊನೆಗಳುಳ್ಳ ಬಳೆಯಂಥ ಸಾಧನಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನೆಂದೂ ಬರೆಯುತ್ತಾನೆ. ಕುದುರೆಯ ವ್ಯಾಪಾರಿಯೊಬ್ಬನು ದೂರದಿಂದ ಕಂಡುಬರೆದ ಮಾತಿದು, ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಆ ವಸ್ತ್ರವನ್ನು ಗೆಲುವಿನ ಬಹುಮಾನವೆನ್ನುವುದಕ್ಕಿಂತ ಗಾಯದ ಪರಿಹಾರವೆಂದು ತಿಳಿಯುವುದೇ ಯುಕ್ತವೆಂದು ನಮಗೆ ತೋರುತ್ತದೆ. ಹರಿದ ರಕ್ತಕ್ಕೆ ಅರಮನೆಯ ಬೊಕ್ಕಸ ಹೊಣೆಯಾಗಿತ್ತು.

ವಿಜಯನಗರದ ಪತನಾನಂತರ ಮಹಾನವಮಿಯ ಆಚರಣೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡುಗಳ ಪಾಳೆಯಪಟ್ಟುಗಳು ಆ ಶತಮಾನದಲ್ಲಿಯೇ ಒಂದೊಂದಾಗಿ ಮೈಸೂರಿಗೆ ಸೇರಿದವು. ಹಾಗಾಗಿ ಹಾಸನ ಸೀಮೆಯವರ ಪಾಲಿಗೂ ದೊಡ್ಡ ಕಾಳಗವೆಂದರೆ ದಸರೆಯ ಜೆಟ್ಟಿಕಾಳಗವೇ ಆಯಿತು.

ಇದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿರುವವನು ಮಾರ್ಕ್ ವಿಲ್ಕ್ಸ್. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಇವನ ಇತಿಹಾಸಗ್ರಂಥದಲ್ಲಿ ಜೆಟ್ಟಿಗಳ ಕುರಿತ ಭಾಗ ಚಿಕ್ಕದಾದರೂ ಬಹಳ ಬೆಲೆಯುಳ್ಳದ್ದು. ಕಿತ್ತಳೆ ಬಣ್ಣದ ಚಲ್ಲಣ ತೊಟ್ಟು ಹೂಮಾಲೆ ಧರಿಸಿದ ಜೋಡಿಗಳು ಕಣಕ್ಕೆ ಬರುತ್ತವೆ. ಅವರ ಹೆಸರನ್ನೂ ಊರನ್ನೂ ಸಾರಲಾಗುತ್ತದೆ. ಸಿಂಹಾಸನದಲ್ಲಿ ಕುಳಿತ ದೊರೆಗೂ ಜಾಲಂಧ್ರದ ಹಿಂದಿನ ರಾಣಿವಾಸಕ್ಕೂ ನಮಸ್ಕರಿಸಿ, ಮಾಲೆಯ ಹೂಗಳನ್ನು ಕಣದ ಮೇಲೆ ಚೆಲ್ಲಿ ಅವರು ಕಾಳಗಕ್ಕೆ ತೊಡಗುತ್ತಾರೆ. ಬಲಗೈಯಲ್ಲಿ ಎಮ್ಮೆಯ ಕೊಂಬಿನಿಂದ ಮಾಡಿದ ವಜ್ರಮುಷ್ಟಿ. ಬೆರಳ ಗೆಣ್ಣುಗಳಿಗೆ ಸರಿಯಾಗಿ ನಾಲ್ಕು ಚೂಪಾದ ಮೊನೆ, ಕಿರುಬೆರಳ ಕಡೆಗೆ ಇನ್ನೂ ದೊಡ್ಡದಾದ ಐದನೆಯದು. ಸರಿಯಾಗಿ ಹಿಡಿದರೆ ಸಾಮಾನ್ಯ ಬಲದವನೂ ಎದುರಾಳಿಯ ತಲೆಯನ್ನು ಒಂದೇ ಏಟಿಗೆ ಸೀಳಬಹುದು.

ವಿಲ್ಕ್ಸನ ಮುಂದಿನ ಮಾತೇ ನಮಗೆ ಮುಖ್ಯ. ಈ ಸಾಧನವನ್ನು ಮುಷ್ಟಿಯ ಬುಡಕ್ಕೆ ಬಿಗಿಯದೆ ಬೆರಳುಗಳ ಕೆಳಗಿನ ಎರಡು ಕೀಲುಗಳ ನಡುವೆ ಬರುವಂತೆ ಕಟ್ಟುತ್ತಿದ್ದರು. ಹಾಗೆ ಕಟ್ಟಿದ ಮೇಲೆ ಬಲವಾಗಿ ಹೊಡೆಯಹೋದವನ ಬೆರಳುಗಳ ಕೀಲುಗಳೇ ತಪ್ಪುವ ಭಯವಿತ್ತು. ಅಂದರೆ ಕಟ್ಟಳೆಯು ತೀರ್ಪುಗಾರನ ಬಾಯಲ್ಲಿ ಮಾತ್ರವಲ್ಲದೆ ಆಯುಧವನ್ನು ಕಟ್ಟಿದ ದಾರದಲ್ಲಿಯೂ ಇತ್ತು. ಕ್ರೂರವಾಗಿ ಹೊಡೆಯಬೇಕೆನ್ನುವವನು ಮೊದಲು ತನ್ನ ಕೈಯನ್ನು ಪಣವಾಗಿ ಒಡ್ಡಬೇಕು. ಕಾಳಗ ಮಿತಿಮೀರಿತೆಂದು ಕಂಡರೆ ದೊರೆಯ ಬಳಿಯಿದ್ದ ಮಧ್ಯಸ್ಥರು ಪೇಟ ವಸ್ತ್ರಗಳನ್ನು ಕಣಕ್ಕೆಸೆದು ಇಬ್ಬರನ್ನೂ ಬಿಡಿಸುತ್ತಿದ್ದರು. ಹೀಗಿದ್ದೂ ನೆತ್ತಿಯಿಂದ ಮರಳಿನವರೆಗೆ ರಕ್ತ ಹರಿಯುತ್ತಿತ್ತೆಂಬುದನ್ನು ವಿಲ್ಕ್ಸ್ ಮುಚ್ಚಿಡುವುದಿಲ್ಲ. ಈ ವಿನೋದವು ಕ್ರೂರವೆಂದೂ ಹೇಳುತ್ತಾನೆ. ನಾವೂ ಅದನ್ನು ಹೊಗಳಿಕೆಯಲ್ಲಿ ಮುಚ್ಚಬೇಕಾಗಿಲ್ಲ.

ಇನ್ನು ಅಮೆರಿಕದ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹಾಗೆ ಓಡುವವನನ್ನು ಮೈಮೇಲೆ ಬಿದ್ದು ಕೆಡಹುವ ಈ ಆಟದಲ್ಲಿ 1905ರೊಂದರಲ್ಲೇ ಸುಮಾರು 18 ಮಂದಿ ಸತ್ತರೆಂದು ಪತ್ರಿಕೆಗಳು ಲೆಕ್ಕಹಾಕಿದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದನು. 1906ರಲ್ಲಿ ಚೆಂಡನ್ನು ಮುಂದಕ್ಕೆಸೆಯಲು ಅನುಮತಿ ದೊರೆತು, ಗುಂಪುಗೂಡಿ ನುಗ್ಗುವ ಕ್ರಮ ಸಡಿಲವಾಯಿತು. ವೃತ್ತಿಪರ ಸಂಘವು 1943ರಲ್ಲಿ ಶಿರಸ್ತ್ರಾಣವನ್ನು ಕಡ್ಡಾಯಮಾಡಿತು. ಮೊದಲು ಚರ್ಮದ್ದಾಗಿದ್ದ ಅದು ಬಳಿಕ ಗಟ್ಟಿ ಪ್ಲಾಸ್ಟಿಕ್ಕಿನದಾಯಿತು. ತಲೆಬುರುಡೆ ಒಡೆಯುವುದನ್ನು ತಡೆಯುವುದೇ ಉದ್ದೇಶ, ಅದು ಸದುದ್ದೇಶವೇ. ಆದರೆ ತನ್ನ ತಲೆಗೆ ನೋವಾಗದೆಂದು ತಿಳಿದವನು ಅದೇ ತಲೆಯನ್ನು ಟಗರಿನಂತೆ ಮುಂದುಮಾಡಿ ನುಗ್ಗಿದನು. ರಕ್ಷೆಗೆಂದು ಬಂದದ್ದು ಆಯುಧವಾಯಿತು. ಕಾಲೇಜುಗಳ ಆಟದಲ್ಲಿ ಈ ಬಗೆಯ ನುಗ್ಗುವಿಕೆಯನ್ನು 1976ರಲ್ಲಿ ನಿಷೇಧಿಸಿದರು. ತಲೆತಗ್ಗಿಸಿ ಡಿಕ್ಕಿಹೊಡೆಯುವುದು ತಪ್ಪೆಂಬ ವ್ಯಾಪಕವಾದ ನಿಯಮ ವೃತ್ತಿಪರರಲ್ಲಿ ಬಂದದ್ದು 2018ರಲ್ಲಿ.

1978ರ ಆಗಸ್ಟ್ 12ರಂದು ನಡೆದ ಒಂದು ಪ್ರದರ್ಶನ ಪಂದ್ಯದಲ್ಲಿ, ಲೆಕ್ಕಕ್ಕೇ ಸೇರದ ಆಟದಲ್ಲಿ, ಓಕ್‌ಲ್ಯಾಂಡ್ ತಂಡದ ಜ್ಯಾಕ್ ಟೇಟಮ್‌ನ ಡಿಕ್ಕಿಯಿಂದ ಡ್ಯಾರಿಲ್ ಸ್ಟಿಂಗ್ಲಿ ಎಂಬವನ ಕತ್ತಿನ ಮೂಳೆ ಮುರಿಯಿತು. 2007ರಲ್ಲಿ ಸಾಯುವವರೆಗೂ ಅವನು ಗಾಲಿಕುರ್ಚಿಯಲ್ಲೇ ಇದ್ದನು. ತೀರ್ಪುಗಾರರು ದಂಡ ವಿಧಿಸಲಿಲ್ಲ. ಅಂದಿನ ನಿಯಮದ ಪ್ರಕಾರ ಅದು ನ್ಯಾಯವಾದ ಪೆಟ್ಟು! ಬಲರಾಮನ ಆಕ್ಷೇಪಕ್ಕೆ ಕಟ್ಟಳೆಯ ಆಧಾರವಾದರೂ ಇತ್ತು. ಇಲ್ಲಿ ಕಟ್ಟಳೆಯೇ ಹೊಡೆದವನ ಪಕ್ಷದಲ್ಲಿ ನಿಂತಿತು. ಇನ್ನೊಂದು ಪ್ರಸಂಗ ನ್ಯೂ ಆರ್ಲಿಯನ್ಸ್ ತಂಡದ್ದು. 2009ರಿಂದ 2011ರವರೆಗೆ ಎದುರಾಳಿಗಳನ್ನು ಕಣದಿಂದ ಹೊರಹಾಕುವಂತೆ ಹೊಡೆದವರಿಗೆ ಗುಟ್ಟಾಗಿ ಹಣ ಕೊಡುವ ಏರ್ಪಾಡು ಅಲ್ಲಿತ್ತೆಂದು ಸಂಘವು 2012ರಲ್ಲಿ ಪ್ರಕಟಿಸಿ, ಮುಖ್ಯ ತರಬೇತುದಾರನನ್ನು ಒಂದು ವರ್ಷ ದೂರವಿಟ್ಟಿತು. ನೂನಿಜ್ ಕಂಡ ರೇಷ್ಮೆಯ ವಸ್ತ್ರವು ಗಾಯಗೊಂಡವನಿಗೆ ಸಲ್ಲುತ್ತಿತ್ತು. ಈ ಹಣ ಗಾಯಮಾಡಿದವನಿಗೆ.

ಇಷ್ಟು ಹೇಳಿ ನಮ್ಮ ಜೆಟ್ಟಿಗಳ ಪದ್ಧತಿಯೇ ಮೇಲೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ವಜ್ರಮುಷ್ಟಿಯಲ್ಲಿ ಹೊಡೆಯಲು ಅನುಮತಿಯಿದ್ದ ಜಾಗ ತಲೆಯೊಂದೇ ಎಂದು ವಿಲ್ಕ್ಸ್ ಸ್ಪಷ್ಟವಾಗಿ ಹೇಳಿದ್ದಾನೆ. ನೆತ್ತಿಯ ಚರ್ಮ ಹರಿದರೆ ರಕ್ತ ಬೇಗ ಕಾಣುತ್ತದೆ, ಗಾಯ ಬೇಗ ಮಾಯುತ್ತದೆ. ಮಧ್ಯಸ್ಥನಿಗೆ ತೀರ್ಪು ಸುಲಭ. ಆದರೆ ಎಲ್ಲ ಹಾನಿಯೂ ರಕ್ತದ ರೂಪದಲ್ಲಿ ಹೊರಗೆ ಬರುವುದಿಲ್ಲ. ಪಿಟ್ಸ್‌ಬರ್ಗ್ ತಂಡದ ಹೆಸರಾಂತ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತನ್ನ ಐವತ್ತನೆಯ ವಯಸ್ಸಿನಲ್ಲಿ, ಬುದ್ಧಿ ಕದಡಿದ ಸ್ಥಿತಿಯಲ್ಲಿ ಸತ್ತಾಗ, ಬೆನೆಟ್ ಒಮಾಲು ಎಂಬ ವೈದ್ಯನು ಅವನ ಮಿದುಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಬಿದ್ದ ಪೆಟ್ಟುಗಳ ಗುರುತನ್ನು ಕಂಡು 2005ರಲ್ಲಿ ಪ್ರಕಟಿಸಿದನು. ಹೊರಗೆ ಗಾಯದ ಕಲೆ ಇರಲಿಲ್ಲ. ಅನಂತರ 4,500ಕ್ಕೂ ಹೆಚ್ಚು ಮಾಜಿ ಆಟಗಾರರು ಹೂಡಿದ ದಾವೆ 2013ರಲ್ಲಿ ರಾಜಿಗೆ ಬಂದು, 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆಯಿತು. ಈ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ, ಮೊನೆಯ ಏಟನ್ನು ಹತೋಟಿಯಲ್ಲಿಟ್ಟ ಜೆಟ್ಟಿಗಳ ಕಟ್ಟಳೆಯೂ ತಲೆಯನ್ನೇ ಗುರಿಯಾಗಿಟ್ಟು ಮಿದುಳಿನ ವಿಷಯದಲ್ಲಿ ಕುರುಡಾಗಿತ್ತೆಂದೇ ಹೇಳಬೇಕು. ಗರಡಿಮನೆಯ ನಾಡಕುಸ್ತಿಯು ಈ ದೃಷ್ಟಿಯಿಂದ ಲೇಸು. ಹದಮಾಡಿದ ಮೆತ್ತನೆಯ ಮಟ್ಟಿಯ ಮೇಲೆ ಎದುರಾಳಿಯ ಎರಡು ಭುಜಗಳನ್ನೂ ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಸಾಕು. ಗೆಲುವನ್ನು ಗಾಯದಿಂದ ಅಳೆಯುವ ಪ್ರಸಂಗವೇ ಅಲ್ಲಿಲ್ಲ.

ವಜ್ರಮುಷ್ಟಿ ಕಾಳಗವು ಇಂದಿಗೂ ವಿಜಯದಶಮಿಯ ಬೆಳಿಗ್ಗೆ ಮೈಸೂರರಮನೆಯ ಒಳ ಅಂಗಳದಲ್ಲಿ ಜರುಗುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಕಣಕ್ಕಿಳಿಯುತ್ತಾರೆ. ವಿಲ್ಕ್ಸನ ಕಾಲದಂತೆ ರಕ್ತ ಮರಳಿಗಿಳಿಯುವವರೆಗೆ ಈಗ ಕಾಯುವುದಿಲ್ಲ. ತಲೆಯಲ್ಲಿ ಮೊದಲ ಹನಿ ಕಂಡೊಡನೆ ಕಾಳಗ ಮುಗಿಯಿತು, ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ವಿಲ್ಕ್ಸನು ಹೇಳುವ ಇನ್ನೊಂದು ಸಂಗತಿಯಿದೆ. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದು, ಗೆದ್ದವನು ಮೇಲಿನ ದರ್ಜೆಗೆ ಏರುತ್ತಿದ್ದನು. ಮೊದಲ ದರ್ಜೆಯವರಿಗೆ ವಯಸ್ಸಾದ ಮೇಲೆ ಉತ್ಸವದ ಒಡೆತನವನ್ನೇ ಒಪ್ಪಿಸುತ್ತಿದ್ದರು. ಯಾರ ಎದುರು ಯಾರನ್ನು ನಿಲ್ಲಿಸಬೇಕೆಂದು ಗೊತ್ತುಮಾಡುತ್ತಿದ್ದವರು ಅವರೇ, ತಮ್ಮ ಕಾಲದಲ್ಲಿ ಅದೇ ಮರಳಿನ ಮೇಲೆ ತಲೆಯೊಡ್ಡಿ ನಿಂತಿದ್ದವರು.