‘ಸೀಸೆ ತಂದಿದ್ದೀಯೇನಮ್ಮಾ?’: ಕಾಂಪೌಂಡರು ಮದ್ದು ಬೆರೆಸುತ್ತಿದ್ದ ಕಾಲ

ನಮ್ಮ ಕಡೆ ಈಗಲೂ ಡಾಕ್ಟರ ಶಾಪಿನಲ್ಲಿ ಸೂಜಿ ಚುಚ್ಚುವವರು, ಗಾಯಕ್ಕೆ ಬಟ್ಟೆ ಕಟ್ಟುವವರು, ಟೋಕನ್ ಕೂಗುವವರು ಎಲ್ಲರೂ ಕಾಂಪೌಂಡರೇ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು ಮಾತಾಡುವ ಮನೆಯಲ್ಲೂ ಅದೇ ಪದ. ಆದರೆ ಕಾಂಪೌಂಡರ್ ಅಂದರೆ ಬೆರೆಸುವವನು. ಇವತ್ತು ಹಾಗೆ ಕರೆಸಿಕೊಳ್ಳುವವರಲ್ಲಿ ಬಹುಪಾಲು ಜನ ಒಂದು ಔನ್ಸ್ ಮದ್ದನ್ನೂ ಬೆರೆಸಿದವರಲ್ಲ. ಕೆಲಸ ಹೋಗಿ ಹೆಸರು ಮಾತ್ರ ಉಳಿದಿದೆ.

ನಮ್ಮಜ್ಜಿಗೆ ಆ ಕೆಲಸ ನೆನಪಿತ್ತು. ಮಾಲೂರಿಗೆ ಮದ್ದಿಗೆ ಹೋಗುವಾಗ ಮನೆಯಿಂದಲೇ ಸೀಸೆ ತೊಳೆದು ಒಯ್ಯಬೇಕಿತ್ತಂತೆ. ಕಿಟಕಿಯ ಆಚೆಯಿಂದ ಮೊದಲ ಪ್ರಶ್ನೆ, ‘ಸೀಸೆ ತಂದಿದ್ದೀಯೇನಮ್ಮಾ?’ ತುಂಬಿಸಿಕೊಟ್ಟ ಸೀಸೆಯ ಬೆನ್ನಿಗೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದೊಂದು ಕಚ್ಚು ಒಂದೊಂದು ಹೊತ್ತಿನ ಮದ್ದು. ಓದು ಬಾರದ ಅಜ್ಜಿಗೆ ಅಳತೆ ತಿಳಿಯಲು ಅಷ್ಟು ಸಾಕಿತ್ತು. ಜೊತೆಗೆ ಒಂದು ಎಚ್ಚರಿಕೆ: ‘ಅಲ್ಲಾಡಿಸಿ ಕುಡಿ.’

ಇದು ಬರೀ ಶಾಸ್ತ್ರಕ್ಕೆ ಹೇಳಿದ ಮಾತಲ್ಲ. ಫಾರ್ಮಸಿ ಪುಸ್ತಕಗಳಲ್ಲಿ ತಲೆಮಾರುಗಳಿಂದ ಕಲಿಸುವ ಒಂದು ಉದಾಹರಣೆ ಇದೆ. ಕಾಸರಕದ ಬೀಜದಿಂದ ಬರುವ ಸ್ಟ್ರಿಕ್ನಿನ್ ಕಡು ವಿಷ. ಹಿಂದೆ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಶಕ್ತಿಮದ್ದಿಗೆ ಹಾಕುತ್ತಿದ್ದರು. ಅದೇ ಸೀಸೆಗೆ ಪೊಟ್ಯಾಸಿಯಂ ಬ್ರೋಮೈಡ್ ಬಿದ್ದರೆ ಸ್ಟ್ರಿಕ್ನಿನ್ ನಿಧಾನವಾಗಿ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ಮೊದಲ ಹೊತ್ತುಗಳಲ್ಲಿ ಮದ್ದೇ ಇರುವುದಿಲ್ಲ, ಕೊನೆಯ ಹೊತ್ತಿನಲ್ಲಿ ಅಷ್ಟೂ ವಿಷ. ಕ್ವಿನೈನ್ ಮಿಕ್ಸ್‌ಚರಿನದೂ ಇದೇ ಬಗೆಯ ತೊಡಕು. ಕ್ವಿನೈನ್ ಸಲ್ಫೇಟ್ ಬರಿ ನೀರಿನಲ್ಲಿ ಸರಿಯಾಗಿ ಕರಗದು, ತುಸು ತಿಳಿ ಆಮ್ಲ ಹಾಕಿದರೆ ಕರಗುತ್ತದೆ. ಆಮೇಲೆ ಯಾರಾದರೂ ಸೋಡಾ ಬೆರೆಸಿದರೆ ಮತ್ತೆ ಬಿಳಿಯಾಗಿ ಕೂರುತ್ತದೆ. ಯಾವುದನ್ನು ಯಾವುದರ ಜೊತೆ ಸೇರಿಸಬಾರದು ಎಂದು ತಿಳಿದಿರುವುದೇ ಕಾಂಪೌಂಡರನ ವಿದ್ಯೆಯಲ್ಲಿ ಅರ್ಧಪಾಲು.

ಉಳಿದರ್ಧ ತೂಕ. ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಸ್ವಾರಸ್ಯ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗೆ ಕೈಹಾಕಿತು. ಮುಂದೆ ಚಾಂಪಿಯನ್ ರೀಫ್‌ನಲ್ಲಿ ಗಣಿಯವರ ಆಸ್ಪತ್ರೆ ನಡೆಯಿತು, ಕೋಲಾರ ಪಟ್ಟಣದಲ್ಲಿ ಮೆಥಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆ ಬಂತು. ಚಿನ್ನ ತೂಗುವ ಟ್ರಾಯ್ ಔನ್ಸ್ ಅಂದರೆ 480 ಗ್ರೇನ್. ಹಳೆಯ ಇಂಗ್ಲಿಷ್ ಔಷಧಿಕಾರರ ಔನ್ಸ್ ಕೂಡ ಅದೇ 480 ಗ್ರೇನ್. ಆದರೆ 1864ರ ಬ್ರಿಟಿಷ್ ಫಾರ್ಮಕೋಪಿಯ ಅದನ್ನು ಬಿಟ್ಟು 437.5 ಗ್ರೇನಿನ ದಿನಸಿ ಔನ್ಸಿಗೆ ಬದಲಾಯಿತು. ದ್ರವದ ಔನ್ಸಿನಲ್ಲಿ ಮಾತ್ರ 480 ಮಿನಿಮ್ ಹಾಗೇ ಉಳಿಯಿತು. ಒಂದೇ ಹೆಸರು, ಬೇರೆ ಬೇರೆ ಅಳತೆ. ಎಲ್ಲದರಲ್ಲೂ ಬದಲಾಗದೆ ನಿಂತದ್ದು ಗ್ರೇನ್ ಒಂದೇ, ಸುಮಾರು 65 ಮಿಲಿಗ್ರಾಂ. ಇತ್ತ ನಮ್ಮ ಅಕ್ಕಸಾಲಿಗರ, ಪಂಡಿತರ ತಕ್ಕಡಿಯಲ್ಲಿ ಗುಲಗಂಜಿ ಇತ್ತು, ಅದರ ಎರಡರಷ್ಟು ಹತ್ತಿರ. (ಗುಲಗಂಜಿಯೂ ವಿಷದ ಬೀಜವೇ. ಮದ್ದು ತೂಗಲು ವಿಷ!) 1956ರ ತೂಕ-ಅಳತೆ ಕಾಯ್ದೆ ಬಂದು ಗ್ರಾಂ, ಮಿಲಿಲೀಟರ್ ನೆಲೆಯಾಗುವವರೆಗೆ ಈ ಲೆಕ್ಕವೆಲ್ಲ ತಲೆಯಲ್ಲೇ ನಡೆಯಬೇಕಿತ್ತು.

ಸಾಮಾನು ಏನೇನಿರಬೇಕು ಎಂಬುದನ್ನು ಔಷಧ ನಿಯಮಗಳ ಶೆಡ್ಯೂಲ್ ‘ಎನ್’ ಹೇಳುತ್ತದೆ. ಮದ್ದು ತಯಾರಿಸಿಕೊಡುವ ಫಾರ್ಮಸಿಗೆ ಸಂಬಂಧಪಟ್ಟ ಪಟ್ಟಿ ಅದು. ಗಾಜಿನ ಕಲ್ಬತ್ತು, ವೆಜ್‌ವುಡ್ ಪಿಂಗಾಣಿಯ ಕಲ್ಬತ್ತು, ಮುಲಾಮು ತಿಕ್ಕುವ ಪಿಂಗಾಣಿ ಹಲಗೆ, ಅಳತೆ ಗಾಜು, ಸ್ಪಿರಿಟ್ ದೀಪ, ಗುಳಿಗೆ ಉರುಳಿಸುವ ಯಂತ್ರ. ಓದುತ್ತಾ ಹೋದರೆ ಕಿಟಕಿಯ ಆಚೆಯ ಕೋಣೆ ಕಣ್ಣೆದುರು ಬರುತ್ತದೆ. ಅದರಲ್ಲಿ ಸ್ಟೀಲಿನ ಸ್ಪ್ಯಾಟುಲಾ ಇದೆ, ರಬ್ಬರಿನದೂ ಇದೆ. ಎರಡೇಕೆ? ಅಯೋಡಿನ್, ಸ್ಯಾಲಿಸಿಲಿಕ್ ಆಮ್ಲದಂಥವು ಲೋಹವನ್ನು ತಿನ್ನುತ್ತವೆ, ಮುಲಾಮಿನ ಬಣ್ಣ ಕೆಡುತ್ತದೆ. ಅದಕ್ಕೇ ರಬ್ಬರು.

ತಕ್ಕಡಿಯ ಸೂಕ್ಷ್ಮತೆ 30 ಮಿಲಿಗ್ರಾಂ ಎಂದಿದೆ. ಅಂದರೆ ನೂರಕ್ಕೆ ಐದಕ್ಕಿಂತ ಹೆಚ್ಚು ತಪ್ಪಬಾರದು ಅಂದುಕೊಂಡರೆ, 600 ಮಿಲಿಗ್ರಾಂಗಿಂತ ಕಡಿಮೆ ಏನನ್ನೂ ನೇರ ತೂಗುವಂತಿಲ್ಲ. 60 ಮಿಲಿಗ್ರಾಂ ಬೇಕಾದರೆ? 600 ಮಿಲಿಗ್ರಾಂ ಮದ್ದು ತೂಗಿ, ಹಾಲುಸಕ್ಕರೆ ಸೇರಿಸಿ ಒಟ್ಟು 6 ಗ್ರಾಂ ಮಾಡಿ, ಅದರಲ್ಲಿ 600 ಮಿಲಿಗ್ರಾಂ ತೆಗೆಯಬೇಕು. ಸೇರಿಸುವುದಕ್ಕೂ ಕ್ರಮವಿದೆ. ಸಕ್ಕರೆಯನ್ನೆಲ್ಲ ಒಮ್ಮೆಗೇ ಸುರಿಯುವಂತಿಲ್ಲ. ಮದ್ದು ಎಷ್ಟಿದೆಯೋ ಅಷ್ಟೇ ಸಕ್ಕರೆ ಹಾಕಿ ಅರೆಯಬೇಕು, ಆಮೇಲೆ ಆ ಮಿಶ್ರಣದಷ್ಟೇ ಇನ್ನೊಮ್ಮೆ, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಕಜ್ಜಿಯ ಗಂಧಕದ ಮುಲಾಮಿಗೂ ಇದೇ ನೀತಿ. ಮೊದಲು ಪುಡಿಯನ್ನು ತುಸು ಮುಲಾಮಿನ ಜೊತೆ ಹಲಗೆಯ ಮೇಲೆ ನುಣ್ಣಗೆ ತಿಕ್ಕಬೇಕು, ಕಣ ಕೈಗೆ ಸಿಗಬಾರದು.

ಇದನ್ನೆಲ್ಲ ಕಾಂಪೌಂಡರುಗಳಲ್ಲಿ ಎಷ್ಟೋ ಜನ ಕಾಲೇಜಿನಲ್ಲಿ ಕಲಿತದ್ದಲ್ಲ, ಹಿರಿಯರ ಪಕ್ಕ ನಿಂತು ಕಲಿತದ್ದು. ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ 1930–31ರಲ್ಲಿ ಕಲಬೆರಕೆ ಮದ್ದು, ತರಬೇತಿಯ ಕೊರತೆ ಎರಡನ್ನೂ ಎತ್ತಿತು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ವೈದ್ಯರ ಚೀಟಿಗೆ ಮದ್ದು ಬೆರೆಸುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರದು ಎಂದಾಯಿತು. ಆದರೆ ಮೊದಲ ರಿಜಿಸ್ಟರಿನಲ್ಲಿ, ಆಸ್ಪತ್ರೆ, ಡಿಸ್ಪೆನ್ಸರಿಗಳಲ್ಲಿ ಐದು ವರ್ಷಕ್ಕೆ ಕಡಿಮೆಯಿಲ್ಲದೆ ಮದ್ದು ಬೆರೆಸಿದವರಿಗೂ ಜಾಗವಿತ್ತು. ಕೈವಿದ್ಯೆಗೆ ಕಾನೂನು ಕೊಟ್ಟ ಆ ಮರ್ಯಾದೆ ನನಗೆ ಇಷ್ಟ. ಅನುಭವ ಒಂದನ್ನೇ ನಂಬಿಯೂ ಆಗುವುದಿಲ್ಲ, ನಿಜ. ಕೈ ಎಷ್ಟೇ ಪಳಗಿದ್ದರೂ ಡಬ್ಬಿಯೊಳಗಿನದು ಏನೆಂದು ಕಣ್ಣಿಗೆ ತಿಳಿಯದು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ನಿನಿಂದ 14 ಜನ ಸತ್ತರು. ಗ್ಲಿಸರಿನ್ ಕೂಡ ಕಾಂಪೌಂಡರನ ಕಪಾಟಿನ ದಿನನಿತ್ಯದ ವಸ್ತು. ಗಂಟಲಿಗೆ ಹಚ್ಚುವ ಮ್ಯಾಂಡಲ್ಸ್ ಪೇಂಟ್ ಆಗುತ್ತಿದ್ದದ್ದು ಅದರಲ್ಲೇ. ಕಲಬೆರಕೆ ಗ್ಲಿಸರಿನ್ನೂ ಸಿಹಿ, ಅದೂ ತಿಳಿ. ಅದನ್ನು ಪ್ರಯೋಗಾಲಯವೇ ಹೇಳಬೇಕು.

ಆಮೇಲೆ ಕಾರ್ಖಾನೆಯ ಮಾತ್ರೆ, ಸಿರಪ್ಪು ಬಂದು ಕಿಟಕಿಯ ಆಚೆಯ ಕೋಣೆ ಸ್ಟೋರ್ ರೂಮಾಯಿತು. ಬೆರೆಸುವ ಕೆಲಸ ಮಾತ್ರ ಪೂರ್ತಿ ನಿಂತಿಲ್ಲ, ಜಾಗ ಬದಲಿಸಿದೆ. ಮಗುವಿಗೆ ಕಾಲು ಮಾತ್ರೆ ಕೊಡಿ ಎಂದರೆ ತಾಯಿ ಅದನ್ನು ಚಾಕುವಿನಲ್ಲಿ ಸೀಳಿ, ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ಜೇನಿನಲ್ಲೋ ಹಾಲಿನಲ್ಲೋ ಕಲಸುತ್ತಾಳೆ. ನಮ್ಮ ಮನೆಯಲ್ಲೂ ಮಾಡಿದ್ದೇವೆ. ತಕ್ಕಡಿ ಇಲ್ಲ, ಕಾಲು ಭಾಗ ಕಣ್ಣಳತೆ. ಪುಡಿಯಲ್ಲಿ ಒಂದಿಷ್ಟು ಚಮಚಕ್ಕೇ ಅಂಟಿಕೊಂಡಿರುತ್ತದೆ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು, ನಿಧಾನವಾಗಿ ಬಿಡಬೇಕಾದ ಮದ್ದು ಒಮ್ಮೆಗೇ ಮೈಗೆ ಇಳಿಯುತ್ತದೆ. ಅಡುಗೆಮನೆಯಲ್ಲಿ ಅದನ್ನು ಹೇಳುವವರಾರು?

ಅಜ್ಜಿಯ ಸೀಸೆ ಈಗಲೂ ನಮ್ಮ ಅಟ್ಟದ ಮೇಲಿದೆ, ಸೀಮೆಎಣ್ಣೆ ಹಾಕಿಟ್ಟು ಮಬ್ಬಾಗಿದೆ. ಬೆನ್ನಲ್ಲಿ ಕಾಗದ ಇಲ್ಲ, ಅದು ಅಂಟಿದ್ದ ಕಡೆ ಗೋಂದಿನ ಕಲೆ, ಅಂಚಿನಲ್ಲಿ ಆರು ಕಚ್ಚು.